ತೆರೆಯ ಚರಿತ್ರೆ, ಡೇರೆಯ ಬಾಳು

ಹೆಸರಾಂತ ನಟನಟಿಯರ ಬಾಳನ್ನು ಚಲಚ್ಚಿತ್ರವಾಗಿಸುವ ರೂಢಿ ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಬಲವಾಗಿ ಬೇರೂರಿದೆ. ರಾಜರ ಅಥವಾ ಸಂತರ ಚರಿತ್ರೆಯನ್ನು ತೆರೆಗೆ ತರುವವನಿಗಿಲ್ಲದ ತೊಡಕೊಂದು ಈ ಕೆಲಸದಲ್ಲಿದೆ. ಶಾಂತಲೆಯ ನೃತ್ಯವನ್ನು ಕಂಡವರು ಯಾರೂ ಉಳಿದಿಲ್ಲ. ಆಕೆಯಾಗಿ ಯಾರು ಕುಣಿದರೂ ನಡೆದೀತು. ಕಲ್ಪನಾ ಅವರ ಅಭಿನಯವಾದರೋ ಇಂದಿಗೂ ನಮ್ಮ ಕಣ್ಣೆದುರಿಗಿದೆ. ಮೂಲದ ಮಗ್ಗುಲಲ್ಲಿಯೇ ನಕಲನ್ನಿಟ್ಟು ತೂಗಿ ನೋಡುವ ಅನುಕೂಲ ಪ್ರೇಕ್ಷಕನಿಗುಂಟು.

ಸತೀಶ್ ಪ್ರಧಾನ್ ನಿರ್ದೇಶಿಸಿ, ಪೂಜಾ ಗಾಂಧಿ ನಟಿಸಿದ ‘ಅಭಿನೇತ್ರಿ’ 2015ರಲ್ಲಿ ತೆರೆ ಕಂಡಿತು. ಅದು ಕಲ್ಪನಾ ಅವರ ಕಥೆಯೆಂದೇ ಜನ ಬಗೆದರು. 1963ರ ‘ಸಾಕು ಮಗಳು’ ಚಿತ್ರದಿಂದ ಮೊದಲಾಗಿ, ‘ಬೆಳ್ಳಿ ಮೋಡ’, ‘ಗೆಜ್ಜೆ ಪೂಜೆ’, ‘ಎರಡು ಕನಸು’ಗಳವರೆಗೆ ಕನ್ನಡಿಗರ ಮನೆಮಾತಾದ ಆಕೆ, ಕೊನೆಗಾಲದಲ್ಲಿ ಉತ್ತರ ಕರ್ನಾಟಕದ ನಾಟಕ ಕಂಪನಿಯೊಂದನ್ನು ಸೇರಿ ಊರೂರು ಸುತ್ತಿದರು, 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನ ಬಂಗಲೆಯಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅಂದಿನಿಂದ ಇಂದಿನವರೆಗೂ ಆಕೆಯ ವಿಷಯ ಬಂದಲ್ಲೆಲ್ಲ ಮಾತು ಆ ಬಂಗಲೆಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಇದರಲ್ಲೊಂದು ಕ್ರೂರ ವ್ಯಂಗ್ಯವಿದೆ. 1971ರ ‘ಶರಪಂಜರ’ದಲ್ಲಿ ಕಲ್ಪನಾ ವಹಿಸಿದ ಕಾವೇರಿಯ ಪಾತ್ರವನ್ನು ವಾಚಕರು ನೆನೆದುಕೊಳ್ಳಬೇಕು. ಮಾನಸಿಕ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಹೆಣ್ಣಿನ ಮಾತು, ನಗೆ, ಮೌನ ಎಲ್ಲದರಲ್ಲಿಯೂ ಸುತ್ತಲಿನವರು ಹುಚ್ಚಿನ ಗುರುತನ್ನೇ ಹುಡುಕುತ್ತಾರೆ. ಹಾಗೆ ಹುಡುಕಿ ಹುಡುಕಿಯೇ ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತಾರೆ. ಕಾವೇರಿಗೆ ಅವಳ ಬಂಧುಗಳು ಮಾಡಿದುದನ್ನೇ ಕಲ್ಪನಾ ಅವರಿಗೆ ನಾವು ಮಾಡುತ್ತ ಬಂದಿದ್ದೇವೆ. ಪ್ರೇಮವಿದ್ದಲ್ಲಿ ವಂಚನೆಯ ಮುನ್ಸೂಚನೆ, ಹಟವಿದ್ದಲ್ಲಿ ಸಾವಿನ ಮುನ್ಸೂಚನೆ! ಹಾಡಿನ ಒಂದು ಸಾಲಿಗೆ ಕಣ್ಣನ್ನು ಎಷ್ಟು ಎತ್ತಬೇಕು, ಸೀರೆಯ ಸೆರಗನ್ನು ಎಲ್ಲಿ ಬಿಡಬೇಕು ಎಂದು ಆಕೆ ಪಟ್ಟಿರಬಹುದಾದ ಪಾಡಿನ ಬಗೆಗೆ ಯಾರಿಗೂ ಕುತೂಹಲವಿಲ್ಲ. ಮರಣದಿಂದ ಹಿಂದಕ್ಕೆ ಬರೆದ ಚರಿತ್ರೆಯಲ್ಲಿ ದುಡಿಮೆಗೆ ಎಡೆ ಎಲ್ಲಿಂದ ಬರಬೇಕು?

ನನಗೆ ಇದಕ್ಕಿಂತಲೂ ಹೆಚ್ಚು ನೋವಾಗುವ ಸಂಗತಿ ಬೇರೊಂದಿದೆ. ಚಿತ್ರನಟಿಯೊಬ್ಬಳು ನಾಟಕದ ಡೇರೆಗೆ ಬಂದರೆ ಅದನ್ನು ಪತನವೆಂದೇ ಹೇಳುವ ವಾಡಿಕೆ ಬೆಂಗಳೂರಿನ ಕಥೆಗಾರರಲ್ಲಿ ನೆಲೆಯೂರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮಗೆ ಆ ಡೇರೆ ಪಾತಾಳವಲ್ಲ. ಜಾತ್ರೆಗೆ ತೇರು ಹೇಗೋ ಕಂಪನಿಯ ಕ್ಯಾಂಪೂ ಹಾಗೆ. ಕಾಲ್ಪೆಟ್ಟಿಗೆಯ ಸ್ವರ, ಪರದೆಯ ಮರೆಯಿಂದ ಮಾತೆತ್ತಿಕೊಡುವವನ ಪಿಸುದನಿ, ಒನ್ಸ್‌ಮೋರಿನ ಕೂಗು, ಇವುಗಳ ನಡುವೆ ಮಾತನ್ನು ಕೊನೆಯ ಸಾಲಿನವನ ಕಿವಿಗೆ ಮುಟ್ಟಿಸುವುದು ಸಾಮಾನ್ಯ ವಿದ್ಯೆಯಲ್ಲ. ಕ್ಯಾಮೆರಾ ತಪ್ಪನ್ನು ಮರುಚಿತ್ರಣದಲ್ಲಿ ತಿದ್ದುತ್ತದೆ, ಡೇರೆ ತಿದ್ದುವುದಿಲ್ಲ. ಹೂವಿನಹಡಗಲಿಯಲ್ಲಿ ರಂಗಭಾರತಿಯನ್ನು ಕಟ್ಟಿದ ಎಂ. ಪಿ. ಪ್ರಕಾಶರು ರಾಜಕಾರಣದ ಗದ್ದಲದಲ್ಲಿಯೂ ರಂಗಭೂಮಿಯನ್ನು ಬಿಡಲಿಲ್ಲವೆಂದರೆ, ಅದು ಈ ಸೀಮೆಯ ಗುಣ. ಆದರೂ ತಾಯಿ ನಾಟಕದ ಕಲಾವಿದೆಯೆಂದು ಹೇಳಿಕೊಳ್ಳಲು ಹಿಂಜರಿಯುವ ಹುಡುಗಿಯರು ನಮ್ಮ ಕಾಲೇಜುಗಳಲ್ಲಿದ್ದಾರೆ. ಡೇರೆಯನ್ನು ಪತನದ ಸ್ಥಾನವೆಂದು ಸಾರುವ ಪ್ರತಿಯೊಂದು ಕಥೆಯೂ ಅವರ ತಲೆಯನ್ನು ಇನ್ನಷ್ಟು ತಗ್ಗಿಸುತ್ತದೆ.

ಡೇರೆಯ ಜನ ತಾವೇ ಚಿತ್ರ ತೆಗೆದರೆ ಹೇಗಿರುತ್ತದೆಂಬುದಕ್ಕೂ ನಿದರ್ಶನವಿದೆ. ದಾವಣಗೆರೆಯ ಚಿಂದೋಡಿ ಮನೆತನದ ಬಂಗಾರೇಶರು 1995ರಲ್ಲಿ ಪಂಚಾಕ್ಷರ ಗವಾಯಿಗಳ ಚರಿತ್ರೆಯನ್ನು ತೆರೆಗೆ ತಂದರು. ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅದರಿಂದ ರಾಷ್ಟ್ರಪ್ರಶಸ್ತಿ ಬಂದಿತು. ಭಕ್ತಿಯ ಭಾರ ಇಂಥ ಚಿತ್ರಗಳಿಗೆ ಇದ್ದೇ ಇರುತ್ತದೆ. ಆದರೆ ಅಂಧ ಗಾಯಕನ ಬಾಳಿನ ತಿರುಳು ಅವನ ಕುರುಡಲ್ಲ, ಸಂಗೀತವೆಂಬುದನ್ನು ಅದು ಮರೆಯಲಿಲ್ಲ. ಗವಾಯಿಗಳೂ ನಾಟಕ ಕಂಪನಿ ಕಟ್ಟಿದವರೇ; ಗದುಗಿನ ಆಶ್ರಮದ ಮಕ್ಕಳ ಅನ್ನಕ್ಕೆ ಅದರ ಗಳಿಕೆ ಒದಗಿತೆಂಬುದನ್ನು ಡೇರೆಯನ್ನು ಹಳಿಯುವವರು ಗಮನಿಸಬೇಕು.

ತೆಲುಗಿನ ‘ಮಹಾನಟಿ’ಯನ್ನು (2018) ಹೊಗಳುವವರು ಬಹಳ. ಸಾವಿತ್ರಿಯಾಗಿ ಕೀರ್ತಿ ಸುರೇಶ್ ಪಡೆದ ರಾಷ್ಟ್ರಪ್ರಶಸ್ತಿ ಸಲ್ಲತಕ್ಕದ್ದೇ. ಅಲ್ಲಿ ಪತ್ರಕರ್ತೆಯೊಬ್ಬಳು ಆಕೆಯ ಕಥೆಯನ್ನು ಹುಡುಕಿಕೊಂಡು ಹೊರಡುತ್ತಾಳೆ. ತೋರಿಸುತ್ತಿರುವುದು ದೊರೆತಷ್ಟೇ ಹೊರತು ಇದ್ದಷ್ಟಲ್ಲವೆಂದು ಚಿತ್ರವೇ ಒಪ್ಪಿದಂತಾಯಿತು. ಇಷ್ಟಾಗಿಯೂ ಜೆಮಿನಿ ಗಣೇಶನ್ನರ ಮಗಳು ತಂದೆಯ ಚಿತ್ರಣಕ್ಕೆ ಬಹಿರಂಗವಾಗಿ ಆಕ್ಷೇಪವೆತ್ತಿದರು. ಒಬ್ಬರ ಬಾಳನ್ನು ಬೆಳಗಿಸುವ ದೀಪ ಪಕ್ಕದವರ ಮೇಲೆ ನೆರಳು ಚೆಲ್ಲಿತು.

ನಮ್ಮ ನೆರೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನು ದೇಶವೆಲ್ಲ ಅರಿತುದು ಕೆಲವೇ ಕ್ಷಣಗಳ ದೃಶ್ಯದಿಂದ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಹರಸಿದರು. ಕೈಕೈಯ ಮೊಬೈಲುಗಳಲ್ಲಿ ಅದು ಹರಿದಾಡಿತು. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಆ ಕ್ಷಣದ ಹಿಂದಿನ ದೀರ್ಘ ದಾರಿಯನ್ನು ಹೇಳುತ್ತದೆ: ಮನೆಯಿಂದ ಹೊರಬಿದ್ದುದು, ಬೇಡಿದುದು, ಸಾಯಹೊರಟುದು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದವರನ್ನು ಕಂಡು ಅವರು ಆ ಕುಣಿತದ ಬೆನ್ನು ಹತ್ತಿದರು. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದರು. ಗುರುವಿನ ತರುವಾಯ ಅದನ್ನು ನಡೆಸಿದರು.

ಈ ಬಾಳನ್ನು ಚಿತ್ರವಾಗಿಸುವವರು ಸೆರಗಿನ ದೃಶ್ಯದಿಂದಲೇ ಆರಂಭಿಸುವರೆಂದು ನಾನು ಬಲ್ಲೆ. ಆರಂಭಿಸಲಿ. ನಾನು ಟಿಕೇಟು ಕೊಂಡು ಕಾಯುವುದು ಕಾಳವ್ವನ ಅಂಗಳದ ತಾಲೀಮಿಗಾಗಿ: ಕೊಡ ತಲೆಯಿಂದ ಎಷ್ಟು ಸಲ ಜಾರಿತು, ಅವಳು ಏನೆಂದು ಗದರಿಸಿದಳು, ಎಷ್ಟನೆಯ ದಿನಕ್ಕೆ ಅದು ನಿಂತಿತು.