ಹಿಂದಿನ ಸೀಟಿನ ಬೆಲ್ಟು
10 ಲಕ್ಷ ದಾಟಿ 20 ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೇ ಶೇ 17, ಮೇಲೆ ಸೆಸ್ಸು. ಇಷ್ಟು ತೆತ್ತು, ಆರು ಏರ್‌ಬ್ಯಾಗ್ ಇದೆಯೆಂದು ಹೆಮ್ಮೆಯಿಂದ ತಂದ ಕಾರಿಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ದಪ್ಪ ಸೀಟ್ ಕವರ್ ಹೊದಿಸುತ್ತೇವೆ. ಹಿಂದಿನ ಬೆಲ್ಟಿನ ಬಕಲ್ ಅದರಡಿ ಹೂತುಹೋಗುತ್ತದೆ. ಸೀಟಿನ ಪಕ್ಕದ ಏರ್‌ಬ್ಯಾಗೂ ಬಿಚ್ಚಿಕೊಳ್ಳಲು ತಡವರಿಸೀತು. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಹತ್ತಿದರೆ ಸುಮಾರು 10 ಕಿ.ಮೀ. ಸಿಗ್ನಲ್ಲೇ ಇಲ್ಲ, ವೇಗ ತಾನಾಗಿ ಏರುತ್ತದೆ. ಗುದ್ದಿದ ಕ್ಷಣ, ಬೆಲ್ಟಿಲ್ಲದೆ ಹಿಂದೆ ಕೂತ ಅಮ್ಮ ಮುಂದೆ ಕೂತ ಮಗನ ಬೆನ್ನಿಗೇ ಬಂದು ಅಪ್ಪಳಿಸುತ್ತಾರೆ. ಮುಂದಿನ ಏರ್‌ಬ್ಯಾಗ್ ಇಬ್ಬರ ಭಾರಕ್ಕೆ ಮಾಡಿದ್ದಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಬೆಲ್ಟ್ ಹಾಕದಿದ್ದರೆ ದಂಡ 1,000 ರೂಪಾಯಿ. ಆ ದಂಡದ ಮಾತು ಬಿಡಿ, ಕವರ್ ಹಾಕಿಸುವಾಗ ಅಂಗಡಿಯವರ ಪಕ್ಕದಲ್ಲೇ ನಿಂತು ಹಿಂದಿನ ಮೂರೂ ಬಕಲ್ ಮೇಲೆ ತೆಗೆಸಿ, ಒಂದೊಂದನ್ನೂ ಹಾಕಿ ನೋಡಿ.