ಲೇಖಿಸಿದ ಕೈ, ಓದಿದ ಕಣ್ಣು: ಕಮಲಾ ಹಂಪನಾ ಅವರನ್ನು ನೆನೆಯುವ ಬಗೆ

ಡಾ. ಕಮಲಾ ಹಂಪನಾ ಅವರು 2024ರ ಜೂನ್ 22ರಂದು ನಿಧನರಾದರು. ಅವರನ್ನು ನೆನೆಯುವ ಮಾತುಗಳಲ್ಲಿ ತಾಯ್ತನದ ವಾತ್ಸಲ್ಯ, ಆದರ್ಶ ದಾಂಪತ್ಯ, ತುಂಬು ಸಂಸಾರದ ಅಜ್ಜಿ ಎಂಬ ಬಣ್ಣನೆಗಳು ಮೊದಲು ಬರುತ್ತವೆ. ಅವು ಸುಳ್ಳಲ್ಲ. ಆದರೆ ವಿದ್ವಾಂಸನೊಬ್ಬ ತೀರಿಕೊಂಡಾಗ ನಾವು ಅವನ ಗ್ರಂಥಗಳಿಂದ ಮಾತು ಆರಂಭಿಸುತ್ತೇವೆ. ವಿದುಷಿಯೊಬ್ಬಳು ತೀರಿಕೊಂಡಾಗ ಅವಳ ಮನೆಯಿಂದ ಆರಂಭಿಸುತ್ತೇವೆ. ಈ ರೂಢಿಯಿಂದ ನಷ್ಟವಾಗುವುದು ಸಾಹಿತ್ಯ ಚರಿತ್ರೆಗೆ.

ಪುರ್ತಗೇರಿಯ ಸುತ್ತಲಿನ ಸೀಮೆಯಲ್ಲಿ ನಿಂತು ನೋಡಿದರೆ ಈ ರೂಢಿಯ ಹಳಮೆ ತಿಳಿಯುತ್ತದೆ. ಹಿಂದಿನ ರೋಣ ತಾಲ್ಲೂಕಿನ ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ 950ರಲ್ಲಿ ಬಸದಿಯನ್ನು ಕಟ್ಟಿಸಿದಳು. ಗದಗಿನ ಬಳಿಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು; ಅಲ್ಲಿಯ ಶಾಸನ 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, ರನ್ನನ ಅಜಿತಪುರಾಣಕ್ಕೆ ಆಶ್ರಯ ನೀಡಿದವಳು ಅವಳೇ. ಕನ್ನಡ ಜೈನ ಪರಂಪರೆಯಲ್ಲಿ ಹೆಣ್ಣಿನ ಹೆಸರು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಧಾರಾಳವಾಗಿ ದೊರೆಯುತ್ತದೆ. ಆದರೆ ದೊರೆಯುವುದು ಬಹುಪಾಲು ದಾನಿಯಾಗಿ. ಕಾವ್ಯವನ್ನು ಬರೆಯಿಸಿದವಳು ಅದನ್ನು ಹೇಗೆ ಓದಿದಳು, ಯಾವ ಭಾಗವನ್ನು ಮೆಚ್ಚಿದಳು, ಯಾವುದನ್ನು ಒಪ್ಪಲಿಲ್ಲ ಎಂಬುದು ನಮಗೆ ಉಳಿದಿಲ್ಲ.

ಈ ಹಿನ್ನೆಲೆಯಲ್ಲಿ ಕಮಲಾ ಹಂಪನಾ ಅವರ ಸ್ಥಾನವನ್ನು ಗುರುತಿಸಬೇಕು. ಚಾವುಂಡರಾಯ ಪುರಾಣವನ್ನು ಅವರು ಕೆ.ಆರ್. ಶೇಷಗಿರಿ ಅವರೊಡನೆ ಸಂಪಾದಿಸಿದರು. 978ರ ಆ ಗದ್ಯಗ್ರಂಥ ಕನ್ನಡ ಗದ್ಯದ ಚರಿತ್ರೆಯಲ್ಲಿ ವಡ್ಡಾರಾಧನೆಯೊಡನೆ ಹೆಸರಿಸಬೇಕಾದುದು. ಅಂಥ ಗ್ರಂಥದ ಸಂಪಾದನೆಯೆಂದರೆ ಪ್ರತಿಗಳನ್ನು ಹೋಲಿಸಿ, ಲಿಪಿಕಾರರ ತಪ್ಪನ್ನೂ ಕವಿಯ ಪ್ರಯೋಗವನ್ನೂ ಬೇರ್ಪಡಿಸಿ, ಪಾಠವನ್ನು ನಿರ್ಣಯಿಸುವ ಕೆಲಸ. ಕಾವ್ಯವನ್ನು ಲೇಖಿಸಲು ಹೊನ್ನು ಕೊಟ್ಟ ಕೈಗಳ ಸಾಲಿಗೆ, ಕಾವ್ಯದ ಪಾಠ ಇದು ಎಂದು ತೀರ್ಮಾನಿಸುವ ಕಣ್ಣೊಂದು ಸೇರಿತು. ಶಾಸ್ತ್ರದಾನದ ಪರಂಪರೆ ಇಲ್ಲಿ ಶಾಸ್ತ್ರವ್ಯಾಸಂಗವಾಗಿ ಬೆಳೆದಿದೆ ಎಂದು ನಾನು ತಿಳಿಯುತ್ತೇನೆ.

ಅವರು ಹುಟ್ಟಿದ್ದು 1935ರ ಅಕ್ಟೋಬರ್ 28ರಂದು, ದೇವನಹಳ್ಳಿಯಲ್ಲಿ. ಜೈನ ಮನೆತನದಲ್ಲಿ ಅಲ್ಲ. ಸಹಪಾಠಿ ಹಂಪ ನಾಗರಾಜಯ್ಯನವರೊಡನೆ ಆದ ಮದುವೆ ಜಾತಿಯ ಗೆರೆಯನ್ನು ದಾಟಿದ ಮದುವೆ. ಇದರಿಂದ, ಜೈನ ಸಾಹಿತ್ಯ ಅವರಿಗೆ ಗಂಡನ ಮನೆಯಿಂದ ಬಂದ ಬಳುವಳಿ ಎಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರಿಗೆ ಪಂಪ, ಪೊನ್ನ, ರನ್ನ, ಜನ್ನರು ದೊರೆಯುವುದು ತರಗತಿಯಲ್ಲಿ. ಅದಕ್ಕೆ ಯಾವ ಮನೆಯ ಅಪ್ಪಣೆಯೂ ಬೇಕಿಲ್ಲ. ಅವರ ಡಾಕ್ಟರೇಟ್ ಅಧ್ಯಯನದ ವಸ್ತುವಂತೂ ಜೈನಕೃತಿಯೇ ಅಲ್ಲ, ಪರಮದೇವ ಕವಿಯ ತುರಂಗಭಾರತ. ಆದ್ದರಿಂದ ಅವರನ್ನು ‘ಜೈನ ಸಮಾಜದ ಲೇಖಕಿ’ ಎಂದು ಕರೆಯುವುದು ಎರಡು ಬಗೆಯಲ್ಲಿ ತಪ್ಪು: ಅವರ ವ್ಯಾಸಂಗ ಕಿರಿದಾಗುತ್ತದೆ, ಜೈನ ಸಾಹಿತ್ಯವೂ ಕಿರಿದಾಗುತ್ತದೆ. ಜೈನಾಗಮಗಳನ್ನು ಹುಟ್ಟಿನಿಂದ ಬಲ್ಲೆವೆಂದು ನಂಬುವ ನಮ್ಮಂಥವರಿಗೆ ಅವರ ಬದುಕು ಒಂದು ಎಚ್ಚರಿಕೆ. ಶ್ರುತಜ್ಞಾನ ಓದಿದವರದು.

ಅತ್ತಿಮಬ್ಬೆಯನ್ನು ಕುರಿತು, ಜೈನ ಮಹಿಳೆಯರನ್ನು ಕುರಿತು, ಅನೇಕಾಂತವಾದವನ್ನು ಕುರಿತು ಅವರು ಬರೆದ ಪುಸ್ತಕಗಳನ್ನು ಗೌರವಿಸುವ ಸರಿಯಾದ ಬಗೆಯೆಂದರೆ ಅವುಗಳೊಡನೆ ವಾದಿಸುವುದು. ‘ಆದರ್ಶ ಜೈನ ಮಹಿಳೆಯರು’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಆದರ್ಶ ಯಾರದು? ಶಾಸನ ಬರೆಸಿದವರದೇ, ಕವಿಯದೇ, ಆ ಹೆಣ್ಣಿನದೇ? ಇಂದಿನ ಸಂಶೋಧಕಿ ಈ ಪ್ರಶ್ನೆಯನ್ನು ಕೇಳಲೇಬೇಕು. ಹಾಗೆ ಕೇಳಲು ನೆಲ ಸಿಕ್ಕಿದ್ದು ಆ ತಲೆಮಾರಿನ ಬರಹಗಾರ್ತಿಯರು ಹೆಸರುಗಳನ್ನು ಒಂದೆಡೆ ಕೂಡಿಸಿದ್ದರಿಂದ.

ಅವರು ಬಹಳ ಊರುಗಳನ್ನು ಕಂಡ ಅಧ್ಯಾಪಕಿ. ಸರ್ಕಾರಿ ಕಾಲೇಜಿನ ಉಪನ್ಯಾಸಕರ ಸಂಚಾರ ಯಾತ್ರಿಕರ ಸಂಚಾರದಂತಲ್ಲ. ವರ್ಗಾವಣೆಯ ಆದೇಶ ಬಂದಲ್ಲಿಗೆ ಪುಸ್ತಕದ ಪೆಟ್ಟಿಗೆಯೊಡನೆ ಹೊರಡಬೇಕು. ಮಕ್ಕಳ ಶಾಲೆ, ಮನೆಯ ಬಾಡಿಗೆ, ಅರ್ಧಕ್ಕೆ ನಿಂತ ಟಿಪ್ಪಣಿ, ಎಲ್ಲವೂ ಜೊತೆಗೆ ಹೊರಡುತ್ತವೆ. ಅದರ ನಡುವೆ ಪ್ರಾಚೀನ ಗ್ರಂಥದ ಸಂಪಾದನೆ ಎಂಥ ಶ್ರಮವೆಂಬುದನ್ನು ಈ ವೃತ್ತಿಯವರು ಬಲ್ಲರು. ಮಕ್ಕಳಿಗಾಗಿಯೂ ಅವರು ಬರೆದರು. ಹೆಳವನಕಟ್ಟೆ ಗಿರಿಯಮ್ಮ, ಓಬವ್ವ, ಚಿತ್ರದುರ್ಗ ಆ ಪುಸ್ತಿಕೆಗಳ ವಸ್ತು. ಅಜ್ಜಿಯಾಗಿ ಅವರನ್ನು ನೆನೆಯುವವರು ಈ ಪುಸ್ತಿಕೆಗಳನ್ನೂ ನೆನೆಯಲಿ. ಹಳಗನ್ನಡದ ಪಾಠಾಂತರವನ್ನು ತೂಗಿದ ಲೇಖನಿಯೇ ಹತ್ತು ವರ್ಷದ ಮಗುವಿಗೂ ಕಥೆ ಹೇಳಿತು.

2003ರಲ್ಲಿ ಮೂಡುಬಿದಿರೆಯ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಧವಲಾ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರಿನಲ್ಲಿ ಗ್ರಂಥಸಂಪಾದಕಿಯೊಬ್ಬರು ಆ ಪೀಠದಲ್ಲಿ ಕುಳಿತದ್ದು ಔಚಿತ್ಯಪೂರ್ಣ. ಆದರೆ ಲೆಕ್ಕವನ್ನೂ ನೋಡೋಣ. 1915ರಲ್ಲಿ ಮೊದಲಾದ ಈ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ದೊರೆತದ್ದು 1974ರಲ್ಲಿ, ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ. ಎರಡನೆಯವರು ಶಾಂತಾದೇವಿ ಮಾಳವಾಡ. ಕಮಲಾ ಅವರು ಮೂರನೆಯವರು. ನಮ್ಮ ಗದಗಿನಲ್ಲಿ 2010ರಲ್ಲಿ ಗೀತಾ ನಾಗಭೂಷಣ ಅವರು ನಾಲ್ಕನೆಯವರಾದರು. 71 ಸಮ್ಮೇಳನಗಳಿಗೆ ಮೂವರು ಎಂಬ ಸಂಖ್ಯೆಯನ್ನು ಯೋಗ್ಯರ ಕೊರತೆ ಎಂದು ವಿವರಿಸಲು ಬಾರದು.

ವಿದ್ಯಾರ್ಥಿಗಳಲ್ಲಿ ನನ್ನ ಅರಿಕೆ ಇಷ್ಟೆ. ಅವರ ಆತ್ಮಕಥೆಯನ್ನು ಓದುವ ಮುನ್ನ ಅವರ ಸಂಪಾದಿತ ಗ್ರಂಥವನ್ನು ತೆರೆಯಿರಿ. ಉಲ್ಲೇಖ ಮಾಡುವಾಗ ‘ಹಂಪನಾ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಮನೆಯೊಂದರಲ್ಲಿ ಇಬ್ಬರು ವಿದ್ವಾಂಸರಿದ್ದರು, ಯಾವ ಮಾತು ಯಾರದೆಂಬುದು ತಿಳಿಯಬೇಕು. ಚಾವುಂಡರಾಯ ಪುರಾಣದ ಒಂದು ಅಧ್ಯಾಯವನ್ನಾದರೂ ಎಂ.ಎ. ತರಗತಿಯಲ್ಲಿ ಪಾಠಭೇದಗಳ ಸಮೇತ ಓದಿಸುವ ಹೊಣೆ ಅಧ್ಯಾಪಕರದು. ಸಂಪಾದಕಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಕಾರಣ ಕೊಟ್ಟು ಬೇರೆ ಪಾಠವನ್ನು ಸೂಚಿಸಿರಿ. ಅವರ ಕೆಲಸ ಮುಂದುವರಿಯುವುದು ಆ ದಾರಿಯಲ್ಲಿ.