ಗುಳಿಗೆಗಿಂತ ಮೊದಲು ಮಾತು

ಯಲವಿಗಿಯಲ್ಲಿ ರೈಲು ಹತ್ತಿ ಗುಡಗೇರಿ, ಸಂಶಿ, ಕುಂದಗೋಳ ದಾಟಿ ಹುಬ್ಬಳ್ಳಿಗೆ ಆಪರೇಷನ್‌ಗೆ ಹೋಗುವವರ ಚೀಲದಲ್ಲಿ ರಿಪೋರ್ಟಿನ ಜತೆ ಮನೆದೇವರ ಭಂಡಾರದ ಪೊಟ್ಟಣವೂ ಇರುತ್ತದೆ. ಹೊಲದಲ್ಲಿ ಹಾವು ಕಂಡರೂ ಅಂಜದ ಮನುಷ್ಯ ವಾರ್ಡಿನಲ್ಲಿ ರಾತ್ರಿಯಿಡೀ ಹೊರಳಾಡುತ್ತಾನೆ. ‘ಯಾಕ್ರಿ ಕಾಕಾ, ನಿದ್ದಿ ಬರವಲ್ದೇನ್ರಿ?’ ಎನ್ನುತ್ತ ಸಿಸ್ಟರ್ ಒಂದು ಗುಳಿಗೆ ಕೊಡುತ್ತಾರೆ. ಕಾಕಾ ಮಲಗುತ್ತಾರೆ. ಅಂಜಿಕೆಯೂ ಮಲಗಿತೇ?

ಗುಳಿಗೆಯೇ ಬೇಡವೆಂದರೆ ತಪ್ಪಾದೀತು. ಅವ್ವನ ಸೆರಗು ಬಿಡದೆ ಚೀರುವ ಕೂಸಿಗೆ ಮಿಡಜೋಲಾಮ್ ಎಂಬ ಮಂಪರಿನ ಔಷಧ ಕುಡಿಸಿದರೆ ಅರ್ಧ ಗಂಟೆಯೊಳಗೆ ಶಾಂತವಾಗುತ್ತದೆ. ಥಿಯೇಟರಿನ ಬಾಗಿಲಲ್ಲಿ ಅಗಲಿದ್ದು ಅದಕ್ಕೆ ನೆನಪೂ ಉಳಿಯದಿರಬಹುದು. ಗಾಬರಿಗೆ ಎದೆ ಬಡಿತ, ಬಿ.ಪಿ. ಏರಿಸಿಕೊಳ್ಳುವ ದೊಡ್ಡವರಿಗೂ ಅದು ಆಸರೆಯೇ.

ನನ್ನ ತಕರಾರಿರುವುದು ಎಲ್ಲರಿಗೂ ರೂಢಿಯಂತೆ ಹಂಚುವುದರ ಬಗ್ಗೆ. ಫ್ರಾನ್ಸಿನಲ್ಲಿ 70 ವರ್ಷದೊಳಗಿನ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆಪರೇಷನ್‌ಗೆ ಮುನ್ನ ಲೊರಾಜೆಪಾಮ್ ಎಂಬ ಅಂಜಿಕೆ ತಗ್ಗಿಸುವ ಗುಳಿಗೆ ನುಂಗಿದವರಿಗೆ ಚಿಕಿತ್ಸೆಯ ಅನುಭವ ಉಳಿದವರಿಗಿಂತ ಹಿತವಾಗೇನೂ ಇರಲಿಲ್ಲ. ಉಸಿರಾಟದ ನಳಿಕೆ ತೆಗೆಯಲು ಮಾತ್ರ ಅವರಿಗೆ 17 ನಿಮಿಷ ಹಿಡಿಯಿತು, ಉಳಿದವರಿಗೆ 12–13. ವಯಸ್ಸಾದವರಲ್ಲಂತೂ ಇಂಥ ಔಷಧ ಉಸಿರನ್ನು ಕುಗ್ಗಿಸಬಹುದು, ಎಚ್ಚರಾದ ಮೇಲೆ ಮಕ್ಕಳ ಗುರುತೇ ಸಿಗದಷ್ಟು ಗಲಿಬಿಲಿ ತರಬಹುದು.

ಇದಕ್ಕೂ ಬಹಳ ಮೊದಲೇ, 1963ರಲ್ಲಿ, ಅಮೆರಿಕದ ವೈದ್ಯ ಎಗ್ಬರ್ಟ್ ಮತ್ತು ಸಂಗಡಿಗರು ಒಂದು ಸರಳ ಸಂಗತಿ ತೋರಿಸಿದ್ದರು. ಆಪರೇಷನ್‌ಗೆ ಮುನ್ನ ಪೆಂಟೊಬಾರ್ಬಿಟಾಲ್ ಎಂಬ ನಿದ್ದೆಯ ಔಷಧ ಪಡೆದವರಿಗೆ ತೂಕಡಿಕೆ ಬಂತು, ಸಮಾಧಾನ ಬರಲಿಲ್ಲ. ಅರಿವಳಿಕೆ ವೈದ್ಯರು ಮೊದಲೇ ಭೇಟಿಯಾಗಿ ಮಾತಾಡಿಸಿದವರಿಗೆ ಸಮಾಧಾನ ಬಂತು.

ನಮ್ಮಲ್ಲಿ ಎಷ್ಟೋ ರೋಗಿಗಳು ತಮ್ಮ ಎಚ್ಚರ ತಪ್ಪಿಸುವ ಡಾಕ್ಟರ ಮುಖ ನೋಡುವುದೇ ಟೇಬಲ್ ಮೇಲೆ ಮಲಗಿದಾಗ, ಅದೂ ಮಾಸ್ಕಿನ ಹಿಂದೆ. ಒಬ್ಬರೇ ಹತ್ತಾರು ಕೇಸು ನೋಡಬೇಕಾದಲ್ಲಿ ಮಾತಿಗೆ ಪುರಸೊತ್ತೆಲ್ಲಿ ಎಂಬುದು ಸುಳ್ಳಲ್ಲ. ಆದರೆ ಹೊತ್ತಿನ ಅಭಾವವನ್ನು ರೋಗಿಯ ರಕ್ತಕ್ಕೆ ಔಷಧ ಸೇರಿಸಿ ತುಂಬಿಸುವುದು ನ್ಯಾಯವಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿಯೂ ಗುಳಿಗೆಗೆ ಮೊದಲೇ ಬೀಳಬೇಕು. ಮಂಪರಿನಲ್ಲಿ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗದು.

‘ನಡುವ ಎಚ್ಚರಾದ್ರ?’ ‘ಎಚ್ಚರನ ಆಗದಿದ್ರ?’ ‘ಬಿತ್ತೂ ಹೊತ್ತಿಗೆ ಹೊಲಕ್ಕ ಹೋಗಬಹುದೇನ್ರಿ?’ ಕಾಕಾನ ನಿದ್ದೆ ಕೆಡಿಸಿದ್ದು ಇವು. ಮೊದಲು ಇವಕ್ಕೆ ಉತ್ತರ ಸಿಗಲಿ. ಆಮೇಲೂ ನಿದ್ದೆ ಬಾರದಿದ್ದರೆ ಗುಳಿಗೆ ಇದ್ದೇ ಇದೆ.